ಹೊಟ್ಟೆ ಕಿಟಕಿಯ ಎಡಗಡೆ

ಹಿಂದೂಪುರದ ಆ ನೇಕಾರರ ಬೀದಿಯಲ್ಲಿ ರಾಮಕ್ಕನ ಮನೆ ಯಾವುದು ಎಂದು ಕೇಳಿದರೆ ಯಾರೂ ನಂಬರು ಹೇಳುತ್ತಿರಲಿಲ್ಲ, ಹೊಟ್ಟೆ ಕಿಟಕಿ ಮನೆ ಅನ್ನುತ್ತಿದ್ದರು. ಬೀದಿಯ ಮಿಕ್ಕ ಮನೆಗಳ ಕಿಟಕಿಗಳು ಗೋಡೆಯೊಳಗೆ ಮರ್ಯಾದೆಯಾಗಿ ಕೂತಿದ್ದರೆ ಇದೊಂದು ಮಾತ್ರ ಒಂದೂವರೆ ಅಡಿ ಬೀದಿಯ ಕಡೆಗೆ ಚಾಚಿಕೊಂಡಿತ್ತು. ಎದುರಿಗೆ ಅಗಲವಾದ ಒಂದು ಗಾಜಿನ ಮುಖ, ಅದರ ಎರಡು ಪಕ್ಕಕ್ಕೂ ಓರೆಯಾಗಿ ಹಿಂದಕ್ಕೆ ಹೋಗಿ ಗೋಡೆಯನ್ನು ಸೇರುವ ಒಂದೊಂದು ಸಣ್ಣ ಮುಖ. ಕಟ್ಟಿಸಿದವರು ರಾಮಕ್ಕನ ತಂದೆ ಸುಬ್ಬರಾಯಪ್ಪ. ಹರೆಯದಲ್ಲಿ ಸೀರೆ ಗಂಟು ಹೊತ್ತು ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗುತ್ತಿದ್ದಾಗ ಬಂಗಲೆಗಳಲ್ಲಿ ಇಂಥ ಕಿಟಕಿಗಳನ್ನು ನೋಡಿ ಅವರಿಗೆ ಆಸೆ ಹತ್ತಿತ್ತು. ಬಂಗಲೆಯವರು ಅದರೊಳಗೆ ಹೂಕುಂಡ ಇಡುತ್ತಿದ್ದರು, ಸುಬ್ಬರಾಯಪ್ಪ ಮಗ್ಗ ಇಟ್ಟರು. ಮೂರು ಕಡೆಯಿಂದ ಬೆಳಕು ಬಿದ್ದರೆ ಜರಿಯ ಎಳೆ ತಪ್ಪುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. ಆ ಮಗ್ಗದ ಗುಂಡಿಯಲ್ಲಿ ತಮ್ಮ ಮಗಳು ಮದುವೆಯೂ ಇಲ್ಲದೆ ಇಪ್ಪತ್ತೆಂಟು ವರ್ಷ ಕೂತುಬಿಡುತ್ತಾಳೆ ಎಂದು ಮಾತ್ರ ಅವರು ಎಣಿಸಿರಲಿಲ್ಲ.

ಮಗ್ಗದಲ್ಲಿ ಕೂತವರಿಗೆ ಎದುರಿನ ಗಾಜಿನಲ್ಲಿ ಕಾಣುವುದು ಎದುರು ಮನೆಯ ಗೋಡೆ, ಅಷ್ಟೇ. ನೋಡುವಂಥದ್ದೆಲ್ಲ ಪಕ್ಕದ ಮುಖಗಳಲ್ಲಿತ್ತು. ಬಲಗಡೆಯದರಲ್ಲಿ ಬೀದಿ ನಲ್ಲಿ, ಗೆಳತಿ ಸರಸ್ವತಮ್ಮನ ಜಗುಲಿ, ಸ್ಕೂಲಿಗೆ ಹೋಗುವ ಮಕ್ಕಳು, ನೀರಿಗೆ ಬಂದವರ ಜಗಳ. ಬೆಳಗಿನ ಬಿಸಿಲು ಬರುವುದೂ ಆ ಕಡೆಯಿಂದಲೇ. ಎಡಗಡೆಯದರಲ್ಲಿ ಬರೀ ದಾರಿ. ಒಂದಷ್ಟು ಧೂಳು, ದೂರದಲ್ಲಿ ಒಂದು ತಿರುವು, ಆ ತಿರುವಿನಲ್ಲಿ ಕಲ್ಯಾಣದುರ್ಗದ ಬಸ್ಸು ಬೆಳಿಗ್ಗೆ ಹನ್ನೊಂದಕ್ಕೆ ನಿಂತು ನಾಲ್ಕು ಜನರನ್ನು ಇಳಿಸಿ ಮುಂದೆ ಹೋಗುತ್ತಿತ್ತು. ರಾಮಕ್ಕ ನೋಡುತ್ತಿದ್ದದ್ದು ಎಡಗಡೆ.

ಅದಕ್ಕೆ ಕಾರಣ ದಾಸಣ್ಣ. ಅವನು ಕಲ್ಯಾಣದುರ್ಗದ ಕಡೆಯ ಒಕ್ಕಲು ಮನೆತನದವನು, ಮರ ಕಡೆದು ಲಾಳಿ ಮಾಡುವುದನ್ನು ಕಲಿತು ಅದರಲ್ಲೇ ಬದುಕುತ್ತಿದ್ದವನು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಹನ್ನೊಂದರ ಬಸ್ಸಿನಲ್ಲಿ ಬಂದು, ಚೀಲದ ತುಂಬ ಲಾಳಿ ಹೊತ್ತು, ಬೀದಿಯ ಮಗ್ಗಗಳಿಗೆಲ್ಲ ಕೊಟ್ಟು ಹೋಗುತ್ತಿದ್ದ. ಹೊಟ್ಟೆ ಕಿಟಕಿಯ ಕೆಳಗೆ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತಿದ್ದ. ಅವನು ಹೊರಗೆ, ಅವಳು ಒಳಗೆ, ನಡುವೆ ತೆರೆದಿಟ್ಟ ಎಡಗಡೆಯ ಕಿಟಕಿ ಬಾಗಿಲು. ಅವರಿಬ್ಬರ ನಡುವೆ ನಡೆದದ್ದು ಇಷ್ಟೇ. ಅವನ ಊರಿನ ಕಡಲೆಕಾಯಿ, ಇವಳ ಸೀರೆಯ ಅಂಚು, ಯಾವ ಮರ ಕೈಗೆ ಹಗುರ, ಯಾವುದು ಬೇಗ ಸವೆಯುತ್ತದೆ ಎಂಬ ಮಾತು. ಒಂದು ಸಲ ಅವಳ ಕೈ ಸಣ್ಣದು ಎಂದು ಬೇರೆ ಅಳತೆಯ ಲಾಳಿ ಮಾಡಿ ತಂದ. ಮೂರು ವರ್ಷ ಹೀಗೆ ನಡೆದ ಮೇಲೆ, ಎಪ್ಪತ್ತೈದನೇ ಇಸವಿಯಲ್ಲಿ, ರಾಮಕ್ಕನಿಗೆ ಇಪ್ಪತ್ತೊಂಬತ್ತು ದಾಟುತ್ತಿದ್ದಾಗ, ಅವಳ ಅಣ್ಣ ಜಯರಾಮಪ್ಪನ ಮುಂದೆ ನಿಂತು ನಿಮ್ಮ ತಂಗಿಯನ್ನು ಕೊಡುತ್ತೀರಾ ಎಂದು ನೇರವಾಗಿ ಕೇಳಿದ.

ಜಯರಾಮಪ್ಪ ಜಾತಿ ಬೇರೆ ಎಂದು ಹೇಳಿ ಕಳಿಸಿದ. ಜಾತಿ ಬೇರೆಯೇ ಆಗಿತ್ತು, ಸುಳ್ಳಲ್ಲ. ಆದರೆ ಆ ಮಗ್ಗ ಖಾಲಿಯಾದರೆ ಮನೆ ನಡೆಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ನಿಜ, ಅದನ್ನು ಅವನು ಹೇಳಲಿಲ್ಲ. ತಂದೆ ತೀರಿಕೊಂಡ ಮೇಲೆ ಇಬ್ಬರು ಚಿಕ್ಕ ತಂಗಿಯರ ಮದುವೆಯಾದದ್ದು ರಾಮಕ್ಕ ನೇಯ್ದ ಸೀರೆಗಳಿಂದ, ಅವನು ಮಾರಾಟಕ್ಕೆ ಹೊತ್ತೊಯ್ಯುತ್ತಿದ್ದದ್ದೂ ಅವೇ. ಕೆಟ್ಟವನೇನಲ್ಲ ಜಯರಾಮಪ್ಪ. ತನಗೆ ಬೇಕಾದದ್ದೇ ಎಲ್ಲರಿಗೂ ಒಳ್ಳೆಯದು ಎಂದು ಮನಸಾರೆ ನಂಬುವ ಜಾತಿಯ ಒಳ್ಳೆಯವನು. ನಿನಗೇನು ಬೇಕಮ್ಮ ಎಂದು ರಾಮಕ್ಕನನ್ನು ಒಬ್ಬರೂ ಕೇಳಲಿಲ್ಲ. ಹೆಣ್ಣು ಕೇಳಿದ್ದ, ಇಲ್ಲವೆಂದು ಕಳಿಸಿದೆವು ಎಂಬ ಸುದ್ದಿಯನ್ನು ಅತ್ತಿಗೆ ಆದಿಲಕ್ಷ್ಮಿ ಆಮೇಲೆ ಹೇಳುವಾಗ, ದಾಸಣ್ಣನ ಬೆನ್ನು ಎಡಗಡೆಯ ಗಾಜಿನಲ್ಲಿ ತಿರುವಿನ ಹತ್ತಿರ ಹೋಗಿತ್ತು. ಅವನು ಮತ್ತೆ ಆ ಬೀದಿಗೆ ಬರಲಿಲ್ಲ.

ಅಲ್ಲಿಂದ ಹದಿನಾಲ್ಕು ವರ್ಷ ದಿನವೂ ಹನ್ನೊಂದು ಗಂಟೆಗೆ ರಾಮಕ್ಕನ ಲಾಳಿ ಒಂದು ಗಳಿಗೆ ನಿಲ್ಲುತ್ತಿತ್ತು. ಮೊದಲ ಎರಡು ವರ್ಷ ಅವನು ಬರುತ್ತಾನೆ ಎಂದೇ ನೋಡಿದಳು. ಆಮೇಲೆ ಇದು ಬರೀ ಅಭ್ಯಾಸ ಎಂದು ತನಗೆ ತಾನೇ ಹೇಳಿಕೊಂಡಳು. ಅಭ್ಯಾಸಕ್ಕೆಲ್ಲ ಎದೆ ಹಾಗೆ ಹೊಡೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಸ್ಸಿನಿಂದ ಇಳಿದವರು ಬೇರೆ ಯಾರೋ ಎಂದು ಖಾತ್ರಿಯಾದ ಮೇಲೆ ಲಾಳಿ ಮತ್ತೆ ಓಡುತ್ತಿತ್ತು.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಕಿಟಕಿಯ ಕೆಳಗಿನ ಮರದ ದಿಂಡಿನ ಮೇಲೆ ಕೈ ಊರಿದರೆ ಬೆರಳು ಒಳಗೆ ಹೋಯಿತು. ಗೆದ್ದಲು ಒಳಗಿಂದಲೇ ತಿಂದು ಮೇಲಿನ ಬಣ್ಣವನ್ನಷ್ಟೇ ಬಿಟ್ಟಿತ್ತು. ಜಯರಾಮಪ್ಪ ಬಂದು ನೋಡಿ, ಇದನ್ನು ಕಿತ್ತು ಎಲ್ಲರ ಮನೆಯಂತೆ ಚಪ್ಪಟೆ ಕಿಟಕಿ ಇಡಿಸೋಣ, ಏಳುನೂರಕ್ಕೆ ಮುಗಿಯುತ್ತದೆ ಎಂದ. ಹುಟ್ಟಿದಾಗಿನಿಂದ ಏನನ್ನೂ ಬೇಕೆಂದು ಬಾಯಿಬಿಟ್ಟು ಕೇಳದ ರಾಮಕ್ಕ ಅವತ್ತು ಮಗ್ಗದಿಂದ ಎದ್ದು ಬಂದು, ಹೊಟ್ಟೆ ಕಿಟಕಿಯೇ ಬೇಕು ಎಂದಳು. ಚಪ್ಪಟೆ ಕಿಟಕಿಯಲ್ಲಿ ಪಕ್ಕ ಕಾಣುವುದಿಲ್ಲ ಎಂಬುದನ್ನು ಹೇಳಲಿಲ್ಲ, ಬೆಳಕು ಸಾಲದು ಎಂದಳು. ಆದಿಲಕ್ಷ್ಮಿ ಗಂಡನ ಮುಖವನ್ನು ದುರುಗುಟ್ಟಿ ನೋಡಿದ್ದರಿಂದ ಮಾತು ಅಲ್ಲಿಗೆ ತೀರ್ಮಾನವಾಯಿತು.

ಬೆಲೆ ಕಟ್ಟಲು ಬಂದವನು ಬಡಗಿ ಕದಿರಣ್ಣ. ಮರದ ಬೆಲೆಯನ್ನು ಯಾರದೋ ಸಾವಿನ ಸುದ್ದಿ ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳುವುದು ಅವನ ರೂಢಿ. ಹೊಸ ತೇಗವಾದರೆ ಘನ ಅಡಿಗೆ ನಾನೂರು, ಒಂಬತ್ತು ಅಡಿ ಬೇಕು, ಗಾಜು ಕೂಲಿ ಸೇರಿ ಐದು ಸಾವಿರಕ್ಕೆ ಹತ್ತಿರ. ಬೇವು ಅದರ ಕಾಲು ಭಾಗಕ್ಕೆ ಸಿಗುತ್ತದೆ, ಆದರೆ ಈ ಸೀಮೆಯ ಬಿಸಿಲಿಗೆ ತಿರುಚಿಕೊಂಡು ಮೊದಲ ಬೇಸಿಗೆಯಲ್ಲೇ ಗಾಜು ಸೀಳುತ್ತದೆ. ಕಬ್ಬಿಣದ ಪಟ್ಟಿಯದು ತೂಕದ ಲೆಕ್ಕ, ಕೇಜಿಗೆ ಹತ್ತರಂತೆ ನೂರಿಪ್ಪತ್ತು ಕೇಜಿ. ಕಬ್ಬಿಣ ಎಂದೊಡನೆ ರಾಮಕ್ಕ ಬೇಡ ಅಂದಳು, ರೇಷ್ಮೆಗೆ ತುಕ್ಕು ತಾಗಿದರೆ ಆ ಸೀರೆ ಯಾರಿಗೂ ಬೇಡ. ಮೂಲೆಯೇ ಇಲ್ಲದೆ ಬಿಲ್ಲಿನ ಹಾಗೆ ಬಾಗಿದ ಕಿಟಕಿ ಅಂತಲೂ ಒಂದುಂಟು, ಐದು ಸಣ್ಣ ಮುಖ ಬರುತ್ತದೆ, ನೋಡಲು ಚೆಂದ, ಆದರೆ ಬಾಗು ತೆಗೆಯುವುದರಲ್ಲಿ ಅರ್ಧ ಮರ ಹೊಟ್ಟಾಗಿ ಹೋಗುವುದರಿಂದ ಒಂದಕ್ಕೆ ಒಂದೂವರೆ ಬೆಲೆ ಎಂದ. ಮೂರು ಮುಖದ್ದೇ ಮಾಡಿಸಿದರೂ ಮೂರು ಕಿಟಕಿಯ ದುಡ್ಡು, ಮೇಲೆ ಎರಡು ಮೂಲೆಯ ದುಡ್ಡು ಬೇರೆ. ಮೂಲೆಗೂ ದುಡ್ಡಾ ಎಂದು ಜಯರಾಮಪ್ಪ ಕೇಳಿದ.

“ಮೂಲೆಗೇ ದುಡ್ಡು ಕಣಪ್ಪ. ನೆಟ್ಟಗಿರೋದನ್ನ ಯಾರ್ ಬೇಕಾದ್ರೂ ಮಾಡ್ತಾರೆ” ಎಂದ ಕದಿರಣ್ಣ.

ಐದು ಸಾವಿರ ಆ ಮನೆಯಲ್ಲಿ ಆಗುವ ಮಾತಲ್ಲ. ಜಯರಾಮಪ್ಪನ ಮುಖದಲ್ಲಿ ಚಪ್ಪಟೆ ಕಿಟಕಿ ಮತ್ತೆ ಕಾಣಿಸಿಕೊಳ್ಳತೊಡಗಿತು. ಆಗ ರಾಮಕ್ಕ ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಕಲ್ಯಾಣದುರ್ಗದಲ್ಲಿ ಹಳೆಯ ಎಣ್ಣೆ ಮಿಲ್ಲಿನ ಸಾಹುಕಾರರ ಬಂಗಲೆ ಕೆಡವುತ್ತಿದ್ದಾರಂತೆ, ಅಲ್ಲಿ ಇಂಥವೇ ಕಿಟಕಿಗಳು ಇವೆಯಂತೆ, ಸರಸ್ವತಮ್ಮನ ತಮ್ಮ ಬಸ್ಸಿನಿಂದ ನೋಡಿದನಂತೆ. ಕಲ್ಯಾಣದುರ್ಗ ಎಂಬ ಹೆಸರು ಹದಿನಾಲ್ಕು ವರ್ಷದಿಂದ ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಆದಿಲಕ್ಷ್ಮಿ ಮೊರದಲ್ಲಿದ್ದ ಅಕ್ಕಿಯನ್ನು ಮತ್ತೊಮ್ಮೆ ಆರಿಸಲು ಶುರುಮಾಡಿದಳು. ಜಯರಾಮಪ್ಪ, ಹಳೇ ಮರವಾದರೆ ಅಗ್ಗಕ್ಕೆ ಸಿಗಬಹುದು, ನೋಡಿ ಬರುತ್ತೇನೆ ಎಂದ.

ಅಳತೆ ತೆಗೆದುಕೊಂಡು ಹೋಗಬೇಕಲ್ಲ. ಕದಿರಣ್ಣ ಟೇಪು ಕೊಡುತ್ತೇನೆ ಎಂದ, ರಾಮಕ್ಕ ಬೇಡವೆಂದಳು. ಆ ಬೀದಿಯಲ್ಲಿ ಅಳತೆ ಎಂದರೆ ನೂಲು. ಬೇರೆಯವರ ಟೇಪಿನಲ್ಲಿ ಮೋಸವಿರಬಹುದು, ತಾವೇ ಹುರಿ ಮಾಡಿದ ನೂಲಿನಲ್ಲಿ ಇರುವುದಿಲ್ಲ ಎಂಬುದು ನೇಕಾರರ ಹಟ. ಬೆಳಿಗ್ಗೆ ಎದ್ದು, ಎರಡೆಳೆ ಹುರಿಗೆ ಮೇಣ ತಿಕ್ಕಿ, ಎಡಗಡೆ ಗೋಡೆಗೆ ಒಂದು ತುದಿ ಒತ್ತಿ, ಎಡ ಮುಖದ ಮೇಲೆ ಹಾಸಿ, ಮೂಲೆಯಲ್ಲಿ ಉಗುರಿನಿಂದ ಅದುಮಿ, ಎದುರು ಮುಖದ ಉದ್ದಕ್ಕೂ ತಂದು, ಬಲ ಮುಖ ದಾಟಿಸಿ, ಬಲ ಗೋಡೆಗೆ ಮುಟ್ಟಿಸಿ ಗಂಟು ಹಾಕಿದಳು. ಅವಳ ಕೈಗೆ ಗೊತ್ತಿದ್ದದ್ದು ಬಟ್ಟೆಯ ಅಳತೆ. ಬಟ್ಟೆ ಮೈಯ ಮೇಲೆ ಒರಗಿಕೊಂಡೇ ಸುತ್ತಿ ಹೋಗುತ್ತದೆ. ಬಡಗಿಯಾಗಿದ್ದರೆ ಗೋಡೆಯಿಂದ ಗೋಡೆಗೆ ಗಾಳಿಯಲ್ಲಿ ನೇರ ಹಿಡಿಯುತ್ತಿದ್ದ, ಅಳತೆ ಇದಕ್ಕಿಂತ ಒಂದು ಅಡಿಗೂ ಮಿಗಿಲಾಗಿ ಕಮ್ಮಿ ಬರುತ್ತಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಜಯರಾಮಪ್ಪ ನೂಲನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಆ ದಿನವೆಲ್ಲ ರಾಮಕ್ಕ ನೇಯ್ದದ್ದು ನಾಲ್ಕು ಬೆರಳಗಲ. ಅಣ್ಣ ಈಗ ಆ ಊರಿನ ಬೀದಿಯಲ್ಲಿ ನಡೆಯುತ್ತಿರುತ್ತಾನೆ, ಯಾರನ್ನಾದರೂ ದಾರಿ ಕೇಳುತ್ತಿರುತ್ತಾನೆ, ದಾರಿ ಹೇಳಿದವನು ಯಾರಿರಬಹುದು ಎಂದೆಲ್ಲ ಯೋಚಿಸುತ್ತಾ ಕೂತಳು. ತಾನೇ ಹೋಗಬೇಕಿತ್ತು ಎಂದು ಅನ್ನಿಸಿ ಕಣ್ಣಲ್ಲಿ ನೀರು ಬಂತು. ಕಿಟಕಿ ಆರಿಸಲು ಹೆಂಗಸು ಕಲ್ಯಾಣದುರ್ಗಕ್ಕೆ ಹೋಗುತ್ತಾಳೆಂದರೆ ಬೀದಿಯವರು ಏನು ಅನ್ನುತ್ತಿದ್ದರೋ ಗೊತ್ತಿಲ್ಲ, ಅವಳಿಗೆ ಕೇಳುವ ಧೈರ್ಯವಂತೂ ಆಗಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕಡಲೆಕಾಯಿ ಲಾರಿಯೊಂದರ ಮೇಲೆ ಕಿಟಕಿ ಬಂತು. ಬೀದಿಯೆಲ್ಲ ನೋಡಲು ನೆರೆಯಿತು. ಹಳೇ ಬರ್ಮಾ ತೇಗ, ಮೂರು ಮುಖಗಳೂ ಬೇರೆ ಬೇರೆ, ಬೋಲ್ಟು ಹಾಕಿ ಜೋಡಿಸುವಂಥವು. ನಡುವಿನ ಮುಖದಲ್ಲಿ, ರೇಷ್ಮೆಗೆ ತಾಗದಂತೆ ಗಾಜಿನ ಹೊರಗಡೆಗೆ, ಬಳ್ಳಿ ಎಲೆಯ ಎರಕದ ಕಬ್ಬಿಣದ ಜಾಲರಿ, ಒಂದೇ ತುಂಡು. ಸಾವಿರದೆಂಟುನೂರು ಹೇಳಿದ್ದನ್ನು ಸಾವಿರದ ನಾನೂರಕ್ಕೆ ಇಳಿಸಿದೆ ಎಂದು ಜಯರಾಮಪ್ಪ ಎಲ್ಲರಿಗೂ ಕೇಳಿಸುವಂತೆ ಹೇಳಿದ. ಅಲ್ಲಿ ಕಿಟಕಿ ಕಿತ್ತ ಮೇಲೆ ಗೋಡೆಯಲ್ಲಿ ಉಳಿದಿದ್ದ ಖಾಲಿ ಜಾಗಕ್ಕೆ ನೂಲನ್ನು ಅಡ್ಡ ಹಿಡಿದೆ, ತುದಿಯಿಂದ ಗಂಟಿಗೆ ಸರಿಯಾಗಿ ಕೂತಿತು ಎಂದೂ ಹೇಳಿದ. ಜನ ಚದುರಿದ ಮೇಲೆ ರಾಮಕ್ಕ ಒಂದೇ ಪ್ರಶ್ನೆ ಕೇಳಿದಳು, ಅಲ್ಲಿ ನಮಗೆ ಗೊತ್ತಿರೋರು ಯಾರಾದರೂ ಸಿಕ್ಕಿದ್ದರಾ ಎಂದು. ಯಾರೂ ಇಲ್ಲ ಎಂದು ಜಯರಾಮಪ್ಪ ಕಾಲು ತೊಳೆಯಲು ಹಿತ್ತಲಿಗೆ ನಡೆದ.

ಕದಿರಣ್ಣ ಎರಡನೇ ದಿನ ಹಳೆಯದನ್ನು ಕಿತ್ತು ಹಾಕಿ ಹೊಸದನ್ನು ಎತ್ತಿ ನಿಲ್ಲಿಸಿದ. ಹೊಸದು ಗೋಡೆಯ ಬಾಯಿಗಿಂತ ದೊಡ್ಡದಾಗಿತ್ತು. ಇಳಿಸಿ ಟೇಪು ಹಿಡಿದ. ಗೋಡೆಯಿಂದ ಗೋಡೆಗೆ ಏಳಡಿಗೆ ಎರಡಂಗುಲ ಕಮ್ಮಿ, ಬಂದ ಕಿಟಕಿಗೆ ಬೇಕಾದದ್ದು ಎಂಟಡಿ. ಆ ನೂಲು ತೋರಿಸಿ ಎಂದು ಇಸಿದುಕೊಂಡು, ನೆಲದ ಮೇಲೆ ಬಿದ್ದಿದ್ದ ಹಳೇ ಚೌಕಟ್ಟಿನ ಮೇಲೆ ಹಾಸಿ ನೋಡಿ ತಲೆಯಾಡಿಸಿದ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿ ಎನ್ನಿಸಿತು ರಾಮಕ್ಕನಿಗೆ, ನೂಲು ಹಿಡಿಯುವುದು ಬಿಟ್ಟು ಬೇರೇನೂ ಬಾರದ ತಾನು ನೂಲು ಹಿಡಿಯುವುದರಲ್ಲೇ ತಪ್ಪಿದ್ದಳು.

ಮುಂದೇನು ಎಂದು ನಾಲ್ವರೂ ಜಗುಲಿಯ ಮೇಲೆ ಕೂತರು. ಹಿಂದಕ್ಕೆ ಕಳಿಸೋಣವೆಂದರೆ ಬಂಗಲೆಯೇ ನೆಲಸಮ, ಮಾರಿದವನು ದುಡ್ಡು ಎಣಿಸಿಕೊಂಡು ಹೋಗಿದ್ದ. ಗೋಡೆಯ ಬಾಯಿ ಅಗಲ ಮಾಡೋಣವೆಂದರೆ ಎಡಕ್ಕೆ ಮೇಲಿನ ಚಪ್ಪಡಿಗಳನ್ನೆಲ್ಲ ಹೊತ್ತ ಕಲ್ಲುಕಂಬ, ಬಲಕ್ಕೆ ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆ. ನಡುವಿನ ಮುಖವನ್ನು ಕುಯ್ದು ಚಿಕ್ಕದು ಮಾಡೋಣವೆಂದರೆ ಎರಕದ ಜಾಲರಿ ಗರಗಸ ಇಟ್ಟೊಡನೆ ಬಿರಿಯುತ್ತದೆ. ಕದಿರಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ನೋಡಿ ಕೊನೆಗೆ ಹೇಳಿದ.

“ಒಂದ್ ಪಕ್ಕ ಬಿಟ್ಬುಟ್ರೆ ಸರಿಯಾಗಿ ಕೂತ್ಕೊಂತದೆ. ಬಿಟ್ಟ ಪಕ್ಕಕ್ಕೆ ಇಟ್ಟಿಗೆ ಏರಿಸ್ತೀನಿ. ಯಾವ ಕಡೆದು ಇರ್ಲಿ, ಯಾವ ಕಡೆದು ಬಿಡ್ಲಿ, ನೀವು ಹೇಳಿ.”

ಅದರಲ್ಲಿ ಕೇಳುವುದೇನಿದೆ, ಬಲಗಡೆಯದು ಇರಲಿ ಎಂದ ಜಯರಾಮಪ್ಪ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಬೆಳಗಿನ ಬೆಳಕು ಆ ಕಡೆ, ನಲ್ಲಿ ಆ ಕಡೆ, ದಿನಕ್ಕೆ ಹತ್ತು ಸಲ ಮಾತಾಡಿಸುವ ಸರಸ್ವತಮ್ಮ ಆ ಕಡೆ. ಎಡಗಡೆ ಏನಿದೆ, ಧೂಳು. ಕದಿರಣ್ಣ ಬಲಗಡೆಯ ಚೌಕಟ್ಟಿಗೆ ಸುಣ್ಣದ ಗುರುತು ಹಾಕಲು ಬಗ್ಗಿದ.

“ಎಡಗಡೆದು ಇರ್ಲಿ” ಎಂದಳು ರಾಮಕ್ಕ.

ಎಲ್ಲರೂ ತಿರುಗಿ ನೋಡಿದರು. ಬೆಳಕು ಸಾಲದಲ್ಲಮ್ಮ ಎಂದು ಕದಿರಣ್ಣ ಹೇಳಿದ, ಬೆಳಕಿಗೆಂದೇ ಈ ಕಿಟಕಿ ಬೇಕು ಅಂದಿದ್ದೆಯಲ್ಲ ಎಂದು ಜಯರಾಮಪ್ಪ ನೆನಪಿಸಿದ. ಅವಳು ತಲೆ ತಗ್ಗಿಸಲಿಲ್ಲ. ಜರಿ ತನಗೆ ಕತ್ತಲಲ್ಲೂ ಕಾಣುತ್ತದೆ, ಎಡಗಡೆಯದೇ ಇರಲಿ ಎಂದು ಇನ್ನೊಂದು ಸಲ ಹೇಳಿ ಎದ್ದು ಒಳಗೆ ಹೋದಳು. ಹದಿನಾಲ್ಕು ವರ್ಷ ಯಾರ ಮುಂದೆಯೂ ಆಡದೆ ಇಟ್ಟುಕೊಂಡದ್ದನ್ನು ಹಾಡಹಗಲಲ್ಲಿ, ಬಡಗಿಯ ಮುಂದೆ, ಹೇಳಿಬಿಟ್ಟಂತಾಗಿತ್ತು. ಆದಿಲಕ್ಷ್ಮಿ ಗಂಡನ ಕಡೆ ನೋಡಿದಳು. ಜಯರಾಮಪ್ಪನಿಗೆ ಅರ್ಥವಾಗದೆ ಇರಲು ಅವನೇನು ಕಲ್ಲೇ.

ಸ್ವಲ್ಪ ಹೊತ್ತಿನ ಮೇಲೆ ಅವನು ಒಳಗೆ ಬಂದು, ನಿಂತ ಮಗ್ಗದ ಹಲಗೆಯ ಮೇಲೆ ಕೂತ. ಕಿಟಕಿ ಕಿತ್ತ ಜಾಗದಿಂದ ಬಿಸಿಲು ಧಾರಾಳವಾಗಿ ಒಳಗೆ ಬಂದಿತ್ತು, ಅವನಿಗೆ ಮುಖ ಮರೆಸಿಕೊಳ್ಳಲು ಜಾಗವಿರಲಿಲ್ಲ.

“ಅವ್ನು ಅಲ್ಲಿದ್ದ ಕಣಮ್ಮ. ದಾಸಣ್ಣ. ಬಂಗಲೆ ಮರಮುಟ್ಟು ಬಿಚ್ಚೋ ಕೂಲಿಗೆ ಬಂದಿದ್ದ. ಈ ಕಿಟಕಿ ಬಿಚ್ಚಿದ್ದೂ ಅವ್ನೇ.”

ರಾಮಕ್ಕ ಗೋಡೆಯ ಗೂಡಿನಲ್ಲಿದ್ದ, ನೂಲು ಸುತ್ತಿದ ಕಂಡಿಕೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು, ಕೈ ನಿಂತಿತು. ಜಯರಾಮಪ್ಪ ನೆಲ ನೋಡುತ್ತಾ ಮಿಕ್ಕದ್ದನ್ನೂ ಹೇಳಿದ. ಅವನಿಗೆ ಮದುವೆಯಾಗಿದೆ, ಇಬ್ಬರು ಹೆಣ್ಣುಮಕ್ಕಳು, ತಲೆ ಅರ್ಧ ನರೆತಿದೆ. ಯಾವ ಜಾಗಕ್ಕೆ ಕಿಟಕಿ ಎಂದು ಕೇಳಿದ, ಮಗ್ಗದ ಜಾಗಕ್ಕೆ ಎಂದದ್ದಕ್ಕೆ ನೂಲು ಇಸಿದುಕೊಂಡು ಒಂದು ಸಲ ಕೈಯಲ್ಲಿ ಹಿಡಿದು ನೋಡಿದ.

“ಆ ಕಿಟಕಿ ಇಷ್ಟು ಅಗಲ ಇಲ್ಲ, ನೂಲು ಹಿಡಿಯೋದ್ರಲ್ಲಿ ಏನೋ ತಪ್ಪಾಗೈತೆ ಅಂದ. ಮೂಲೇಲಿ ಇನ್ನೊಂದಿತ್ತು, ಚಿಕ್ಕದು, ರೇಟೂ ಕಮ್ಮಿ. ಅದನ್ನ ತಗೊಂಡೋಗಿ, ಅದು ಕೂತ್ಕೊಂತದೆ ಅಂದ. ನಮ್ಮನೆ ಅಳತೆ ನಿಂಗ್ಯಾಕಪ್ಪ ಅಂದ್ಬುಟ್ಟೆ ನಾನು. ಅವ್ನೇ ಲಾರಿಗೆ ಎತ್ತಿ ಹಗ್ಗ ಬಿಗಿದು ಕೊಟ್ಟ, ಕೂಲಿ ಕೊಟ್ರೆ ಬ್ಯಾಡ ಅಂದ.”

“ಎಷ್ಟು ಅಗಲ ಅಂದ?” ಎಂದು ರಾಮಕ್ಕ ಕೇಳಿದಳು.

“ಏಳಡಿಗೆ ಎರಡಂಗುಲ ಕಮ್ಮಿ.”

ರಾಮಕ್ಕ ಗೋಡೆಗೆ ಒರಗಿ ನಿಂತಳು. ಹುಟ್ಟಿದ ಮನೆಯ ಕಿಟಕಿ, ಇಪ್ಪತ್ತೆಂಟು ವರ್ಷ ಅದರೊಳಗೆ ಕೂತವಳು, ಅವಳಿಗೇ ಗೊತ್ತಿರಲಿಲ್ಲ ಅದರ ಅಗಲ. ಹದಿನೈದು ದಿನಕ್ಕೊಮ್ಮೆ ಹೊರಗೆ ಕೂತು ಹೋದವನು ಹದಿನಾಲ್ಕು ವರ್ಷ ಎರಡಂಗುಲವನ್ನೂ ಬಿಡದೆ ಇಟ್ಟುಕೊಂಡಿದ್ದ. ಅಳು ಬಂತು, ಅತ್ತಳು. ಜೊತೆಗೇ ಸಂತೋಷವೂ ಆಯಿತು, ಅದಕ್ಕೆ ನಾಚಿಕೆಪಡುವ ವಯಸ್ಸು ದಾಟಿಹೋಗಿತ್ತು. ತಪ್ಪಾಯ್ತು ಕಣಮ್ಮ ಎಂದು ಜಯರಾಮಪ್ಪ ಹೇಳಿದ, ಯಾವ ತಪ್ಪು, ಮೊನ್ನೆಯದೋ ಎಪ್ಪತ್ತೈದರದೋ ಎಂದು ಬಿಡಿಸಿ ಹೇಳಲಿಲ್ಲ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, ಅವನು ಇನ್ನು ಬರೋದಿಲ್ಲ, ಸುಮ್ಮನೆ ಬೆಳಕು ಯಾಕೆ ಕಳೆದುಕೊಳ್ಳುತ್ತೀಯ, ಬಲಗಡೆಯದನ್ನೇ ಇಡಿಸೋಣ ಎಂದ.

ರಾಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬರಲ್ಲ ಅಂತ ನಂಗೊತ್ತಣ್ಣ. ಬರ್ಲಿ ಅಂತಾನೂ ಅಲ್ಲ, ಅವ್ನ ಹೆಂಡ್ತಿ ಮಕ್ಳು ತಣ್ಣಗಿರ್ಲಿ. ಆ ಕಡೆ ನೋಡೋದೊಂದು ನಂದು. ಅದನ್ನೂ ನೀನೇ ತೀರ್ಮಾನ ಮಾಡ್ಬ್ಯಾಡ.”

ಜಯರಾಮಪ್ಪ ಎದ್ದು ಹೊರಗೆ ಹೋಗಿ, ಎಡಗಡೆಯದೇ ಇರಲಿ ಎಂದು ಕದಿರಣ್ಣನಿಗೆ ಹೇಳಿದ. ಬಲಗಡೆಗೆ ಇಟ್ಟಿಗೆ ಏರಿಸಿ ಗಿಲಾವು ಮಾಡಲು ಮೂರು ದಿನ ಹಿಡಿಯಿತು. ಸರಸ್ವತಮ್ಮ ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ದಿನ ಈ ಕಡೆ ಸುತ್ತಿಕೊಂಡು ಬಂದು, ನಿನ್ನ ಜೊತೆ ಮಾತಾಡಬೇಕಾದರೆ ಇನ್ನು ಮೇಲೆ ನಾನು ಊರು ತಿರುಗಬೇಕಾ ಎಂದು ಬೈದು ಹೋದಳು. ಮಗ್ಗದ ಮೇಲೆ ಬೆಳಿಗ್ಗೆ ಒಂಬತ್ತರವರೆಗೆ ನಿಜಕ್ಕೂ ಕತ್ತಲಾಗಿರುತ್ತಿತ್ತು. ರಾಮಕ್ಕ ತಲೆಯ ಮೇಲೆ ಒಂದು ಬಲ್ಬು ಹಾಕಿಸಿಕೊಂಡು ಕೂತಳು.

ಸೋಮವಾರ ಹನ್ನೊಂದಕ್ಕೆ ಕಲ್ಯಾಣದುರ್ಗದ ಬಸ್ಸು ತಿರುವಿನಲ್ಲಿ ನಿಂತಿತು. ಹಳೇ ಬಂಗಲೆಯ ಗಾಜು, ಅಲ್ಲಲ್ಲಿ ನೀರಿನಂತೆ ಅಲುಗಿ ಕಾಣುತ್ತಿತ್ತು. ರಾಮಕ್ಕ ಲಾಳಿ ನಿಲ್ಲಿಸಿದಳು. ಬಸ್ಸಿನಿಂದ ಏಳು ಮಂದಿ ಇಳಿದರು. ಅವಳು ಏಳು ಮಂದಿಯನ್ನೂ ನೋಡಿದಳು.